ವೈದ್ಯರ ಸ್ವಯಂಸೇವೆಯ ಚರಿತ್ರೆ: ಮೊಳಕಾಲ್ಮೂರು ಸೀಮೆಯ ನೆಲೆಯಿಂದ ಒಂದು ಅವಲೋಕನ

ಚಿತ್ರದುರ್ಗ ಜಿಲ್ಲೆಯ ಉತ್ತರದ ತುದಿಯಲ್ಲಿರುವ ಮೊಳಕಾಲ್ಮೂರು ತಾಲ್ಲೂಕು ಕರ್ನಾಟಕದ ಚರಿತ್ರೆಯಲ್ಲಿ ಪ್ರವೇಶ ಪಡೆಯುವುದೇ ಅಶೋಕನ ಶಾಸನಗಳ ಮೂಲಕ. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಮೇಲೆ ಈ ಸೀಮೆಯ ಪ್ರಾಚೀನತೆ ವಿದ್ವತ್ ಲೋಕಕ್ಕೆ ಪರಿಚಯವಾಯಿತು. ಸುವರ್ಣಗಿರಿಯ ಆರ್ಯಪುತ್ರನು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಈ ಶಾಸನಗಳಲ್ಲಿ ತಂದೆತಾಯಿಗಳ ಸೇವೆ, ಜೀವಿಗಳಲ್ಲಿ ದಯೆ, ಸತ್ಯವಚನ ಮೊದಲಾದ ಉಪದೇಶಗಳಿವೆ. ಆದರೆ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದನ್ನು, ಔಷಧಿ ಸಸ್ಯಗಳನ್ನು ತರಿಸಿ ನೆಡಿಸಿದುದನ್ನು, ದಾರಿಗಳಲ್ಲಿ ಬಾವಿ ತೋಡಿಸಿದುದನ್ನು ಸಾರುವ ಎರಡನೆಯ ಬಂಡೆಶಾಸನವು ಬ್ರಹ್ಮಗಿರಿಯಲ್ಲಿಲ್ಲ. ಅದನ್ನು ಓದಬೇಕಾದರೆ ಆಂಧ್ರಪ್ರದೇಶದ ಎರ್ರಗುಡಿಗೆ ಹೋಗಬೇಕು. ದಯೆಯ ಉಪದೇಶ ಇಲ್ಲಿ, ಚಿಕಿತ್ಸೆಯ ಏರ್ಪಾಡಿನ ಮಾತು ಗಡಿಯಾಚೆ. ಇದು ಶಾಸನಗಳ ಹಂಚಿಕೆಯ ಆಕಸ್ಮಿಕವಷ್ಟೇ. ಇದಕ್ಕೆ ಹೆಚ್ಚಿನ ಅರ್ಥ ಕಟ್ಟಬೇಕಾಗಿಲ್ಲ. ಆದರೂ ದಯೆ ಮತ್ತು ಏರ್ಪಾಡು ಎಂಬ ಈ ಎರಡು ಮಾತುಗಳು ವೈದ್ಯರ ಸ್ವಯಂಸೇವೆಯ ಚರಿತ್ರೆಯನ್ನು ಬರೆಯುವವರಿಗೆ ಉಪಯುಕ್ತವಾದ ಅಳತೆಗೋಲುಗಳಾಗಿವೆ.

ಕರ್ನಾಟಕದಲ್ಲಿ ವೈದ್ಯರ ನಿಸ್ವಾರ್ಥ ಸೇವೆಯನ್ನು ಕುರಿತ ಬರವಣಿಗೆ ಸಾಕಷ್ಟಿದೆ. ಅದರಲ್ಲಿ ಹೆಚ್ಚಿನದು ಅಭಿನಂದನಾ ಗ್ರಂಥಗಳ ಸ್ವರೂಪದ್ದು. ಒಬ್ಬ ವೈದ್ಯರ ತ್ಯಾಗವನ್ನೂ ಅವರು ಗುಣಪಡಿಸಿದ ರೋಗಿಗಳ ಸಂಖ್ಯೆಯನ್ನೂ ಅದು ದಾಖಲಿಸುತ್ತದೆ. ಆ ಸೇವೆಯನ್ನು ಪಡೆಯುವ ಊರಿನ ಕಡೆಯಿಂದ ಈ ಚರಿತ್ರೆಯನ್ನು ನೋಡುವ ಪ್ರಯತ್ನ ವಿರಳ. ಪ್ರಸ್ತುತ ಪ್ರಬಂಧದಲ್ಲಿ ಮೊಳಕಾಲ್ಮೂರು ಮತ್ತು ಅದಕ್ಕೆ ಹೊಂದಿದ ಚಳ್ಳಕೆರೆ ಸೀಮೆಯ ಮೂರು ಆರೋಗ್ಯ ಸಮಸ್ಯೆಗಳನ್ನು ಎದುರಿಗಿಟ್ಟುಕೊಂಡು, ಕರ್ನಾಟಕದಲ್ಲಿ ರೂಪುಗೊಂಡ ಸ್ವಯಂಸೇವೆಯ ಮೂರು ಬಗೆಗಳನ್ನು ಪರಿಶೀಲಿಸಲಾಗಿದೆ. ನೇಕಾರನ ಕಣ್ಣಿಗೆ ಬರುವ ಪೊರೆ, ಹಟ್ಟಿಯ ಹೆಣ್ಣುಮಕ್ಕಳ ಹೆರಿಗೆ, ಕುಡಿಯುವ ನೀರಿನ ಫ್ಲೋರೈಡಿನಿಂದ ಬರುವ ಮೂಳೆರೋಗ ಇವೇ ಆ ಮೂರು ಸಮಸ್ಯೆಗಳು. ಊರೂರು ಸುತ್ತುವ ವೈದ್ಯ, ಒಂದೆಡೆ ನೆಲೆನಿಲ್ಲುವ ವೈದ್ಯ, ಸರ್ಕಾರವನ್ನು ಹೊಣೆಗಾರನನ್ನಾಗಿ ಮಾಡುವ ವೈದ್ಯ ಇವು ಮೂರು ಬಗೆಗಳು. ಮೊದಲನೆಯದಕ್ಕೆ ದೊರೆತ ಕೀರ್ತಿ ಉಳಿದೆರಡಕ್ಕೆ ದೊರೆತಿಲ್ಲ. ಆದರೆ ಇಂತಹ ಸೀಮೆಗೆ ಉಳಿದೆರಡರ ಅಗತ್ಯವೇ ಹೆಚ್ಚು ಎಂಬುದು ಈ ಪ್ರಬಂಧದ ನಿಲುವು.

ಸೀಮೆಯ ಹಿನ್ನೆಲೆ

ಮೊಳಕಾಲ್ಮೂರು ಗಡಿಯ ತಾಲ್ಲೂಕು. ಈಸ್ಟ್ ಇಂಡಿಯಾ ಕಂಪನಿಯು 1800ರಲ್ಲಿ ನಿಜಾಮನಿಂದ ಬಳ್ಳಾರಿ ಸೀಮೆಯನ್ನು ಪಡೆದ ಮೇಲೆ ಬಳ್ಳಾರಿ ಮತ್ತು ರಾಯದುರ್ಗಗಳು ಮದರಾಸು ಪ್ರಾಂತಕ್ಕೆ ಸೇರಿದವು. ಮೊಳಕಾಲ್ಮೂರು ಮೈಸೂರು ಸಂಸ್ಥಾನದಲ್ಲಿ ಉಳಿಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಬಂದಾಗ ರಾಯದುರ್ಗ ಆಂಧ್ರಕ್ಕೆ ಸೇರಿತು. ಹೀಗಾಗಿ ಇಲ್ಲಿನ ಜನರ ಸಂತೆ, ನೆಂಟಸ್ತನ, ಔಷಧೋಪಚಾರಗಳೆಲ್ಲವೂ ಆಡಳಿತದ ಗೆರೆಗಳನ್ನು ದಾಟಿಯೇ ನಡೆಯುತ್ತ ಬಂದಿವೆ. ಕನ್ನಡ ಮತ್ತು ತೆಲುಗು ಎರಡೂ ಮನೆಮಾತುಗಳಾಗಿರುವ ಈ ಪ್ರದೇಶದಲ್ಲಿ ರೋಗಿಯ ಮಾತನ್ನು ಅರಿಯಬೇಕಾದ ವೈದ್ಯನಿಗೆ ಎರಡೂ ಬೇಕಾಗುತ್ತವೆ.

ಮಳೆ ಕಡಿಮೆಯಾದ ಈ ಭಾಗದಲ್ಲಿ ಶೇಂಗಾ ಬೆಳೆ, ಕುರಿಸಾಕಣೆ ಮತ್ತು ರೇಷ್ಮೆ ನೇಯ್ಗೆ ಪ್ರಧಾನ ಕಸುಬುಗಳು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ಮ್ಯಾಸಬೇಡರ ಮತ್ತು ಕಾಡುಗೊಲ್ಲರ ಹಟ್ಟಿಗಳು ಮುಖ್ಯರಸ್ತೆಗಳಿಂದ ದೂರದಲ್ಲಿ ಚದುರಿವೆ. ಬಳ್ಳಾರಿಯಲ್ಲಿ 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ದಾವಣಗೆರೆಯಲ್ಲಿ 1965ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಪ್ರಾರಂಭವಾದವು. ಎರಡೂ ತಾಲ್ಲೂಕಿನ ಹೊರಗಿದ್ದವು. ತಜ್ಞ ವೈದ್ಯರನ್ನು ಕಾಣಬೇಕೆಂದರೆ ಬಸ್ಸು ಹತ್ತಬೇಕು, ಒಂದೆರಡು ದಿನದ ಕೂಲಿ ಬಿಡಬೇಕು, ಜೊತೆಗೊಬ್ಬರನ್ನು ಕರೆದೊಯ್ಯಬೇಕು. ಚಿಕಿತ್ಸೆ ಉಚಿತವಾಗಿದ್ದರೂ ಚಿಕಿತ್ಸೆಯನ್ನು ತಲುಪುವುದು ಉಚಿತವಾಗಿರಲಿಲ್ಲ. ಈ ಅಂಶವನ್ನು ಗಮನಿಸದೆ ಇಲ್ಲಿನ ಆರೋಗ್ಯದ ಚರಿತ್ರೆಯನ್ನು ಅರ್ಥಮಾಡಿಕೊಳ್ಳಲಾಗದು.

ಪರಂಪರೆಯ ಆರೈಕೆ

ಹಣ ಪಡೆಯದೆ ಆರೈಕೆ ಮಾಡುವ ಪದ್ಧತಿ ಆಧುನಿಕ ವೈದ್ಯರಿಂದ ಆರಂಭವಾದುದಲ್ಲ. ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ 1162ರ ಶಾಸನವು ಆ ಮಠವನ್ನು ದೀನರಿಗೆ ಅನ್ನವಿಕ್ಕುವ ಸ್ಥಳವೆಂದೂ ನಾನಾ ರೋಗಿಗಳ ಚಿಕಿತ್ಸೆಯ ಸ್ಥಾನವೆಂದೂ ವರ್ಣಿಸುತ್ತದೆ. ಓದು, ದಾಸೋಹ, ಚಿಕಿತ್ಸೆ ಇವು ಒಂದೇ ಸಂಸ್ಥೆಯ ಕರ್ತವ್ಯಗಳಾಗಿದ್ದುದು ಇದರಿಂದ ಸ್ಪಷ್ಟವಾಗುತ್ತದೆ. ಹಳ್ಳಿಗಳ ನಾಟಿ ವೈದ್ಯರಲ್ಲಿ ಮದ್ದಿಗೆ ಹಣ ಪಡೆದರೆ ಮದ್ದಿನ ಗುಣ ಹೋಗುತ್ತದೆಂಬ ನಂಬಿಕೆ ವ್ಯಾಪಕವಾಗಿತ್ತು. ಎಲೆ ಅಡಿಕೆ, ಒಂದು ತೆಂಗಿನಕಾಯಿ, ಸುಗ್ಗಿಯಲ್ಲಿ ಒಂದಷ್ಟು ಕಾಳು ಇವು ಗೌರವದ ಕಾಣಿಕೆಗಳೇ ಹೊರತು ಶುಲ್ಕವಲ್ಲ.

ಈ ಪರಂಪರೆಯ ಅತ್ಯುತ್ತಮ ನಿದರ್ಶನವು ಚಳ್ಳಕೆರೆಯ ನೆರೆಯ ಪಾವಗಡ ತಾಲ್ಲೂಕಿನಲ್ಲಿದೆ. ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಏಳು ದಶಕಗಳ ಕಾಲ ಪ್ರತಿಫಲ ಬಯಸದೆ ಹೆರಿಗೆ ಮಾಡಿಸಿದರು. ಅವರು ಮಾಡಿಸಿದ ಹೆರಿಗೆಗಳ ಸಂಖ್ಯೆ 15,000ಕ್ಕೂ ಹೆಚ್ಚೆಂದು ಹೇಳಲಾಗಿದೆ. 2018ರಲ್ಲಿ ಪದ್ಮಶ್ರೀ ಪುರಸ್ಕಾರ ಪಡೆದ ಅವರು ಅದೇ ವರ್ಷದ ಡಿಸೆಂಬರಿನಲ್ಲಿ ನಿಧನರಾದರು. ಅವರು ವೈದ್ಯ ಪದವಿ ಪಡೆದವರಲ್ಲ, ಅಕ್ಷರ ಕಲಿತವರೂ ಅಲ್ಲ. ಆದರೂ ಈ ಪ್ರಬಂಧದಲ್ಲಿ ಅವರ ಉಲ್ಲೇಖ ಅನಿವಾರ್ಯ. ಕರೆದ ಹೊತ್ತಿಗೆ ಒದಗಬಲ್ಲಷ್ಟು ಹತ್ತಿರದಲ್ಲಿರುವುದು, ತಾಯಿಯ ಭಾಷೆಯಲ್ಲಿ ಮಾತನಾಡುವುದು, ಹಣವನ್ನು ಷರತ್ತಾಗಿಸದಿರುವುದು ಎಂಬ ಮೂರು ಗುಣಗಳು ಅವರಲ್ಲಿ ಸೇರಿದ್ದವು. ಪದವೀಧರ ವೈದ್ಯರ ಸ್ವಯಂಸೇವೆಯನ್ನು ಅಳೆಯುವಾಗ ಈ ಮೂರನ್ನೂ ನೆನಪಿನಲ್ಲಿಡಬೇಕು. ಜೊತೆಗೆ, ಹೆರಿಗೆಯಲ್ಲಿ ರಕ್ತಸ್ರಾವ ಮಿತಿಮೀರಿದಾಗ ಅಥವಾ ಮಗು ಅಡ್ಡವಾದಾಗ ಸೂಲಗಿತ್ತಿಯ ಕೈಚಳಕಕ್ಕೂ ಒಂದು ಎಲ್ಲೆಯಿದೆ. ಅಲ್ಲಿಂದಾಚೆಗೆ ಶಸ್ತ್ರಕ್ರಿಯೆ ಮತ್ತು ರಕ್ತದ ಏರ್ಪಾಡೇ ಬೇಕು ಎಂಬುದನ್ನೂ ಮರೆಯಬಾರದು.

ಸುತ್ತುವ ವೈದ್ಯ: ನೇತ್ರಶಿಬಿರಗಳು

ಆಧುನಿಕ ವೈದ್ಯರು ಸಂಘಟಿತರಾಗಿ ಸೇವೆಗೆ ಇಳಿದುದು ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ. 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದ ಡಾ. ನಾ.ಸು. ಹರ್ಡೀಕರ್ ಅವರು ವೃತ್ತಿಯಿಂದ ವೈದ್ಯರು. ಘಟಪ್ರಭಾದಲ್ಲಿ 1929ರಲ್ಲಿ ಸ್ಥಾಪನೆಯಾದ ಕರ್ನಾಟಕ ಆರೋಗ್ಯಧಾಮಕ್ಕೆ ಡಾ. ಕೊಕಟನೂರರೊಡನೆ ಅವರೂ ದುಡಿದರು. ದೇಶಸೇವೆ ಮತ್ತು ರೋಗಿಯ ಸೇವೆಗಳು ಬೇರೆಯಲ್ಲವೆಂಬ ಭಾವನೆ ಆ ಪೀಳಿಗೆಯದು.

ಆ ಭಾವನೆಯನ್ನು ಹಳ್ಳಿಹಳ್ಳಿಗೆ ಒಯ್ದವರು ಬೀಳಗಿಯ ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿ. 1916ರಲ್ಲಿ ಜನಿಸಿದ ಅವರು 1943ರಿಂದ ಉಚಿತ ನೇತ್ರಶಿಬಿರಗಳನ್ನು ನಡೆಸತೊಡಗಿದರು. ಶಾಲೆ, ಛತ್ರ, ಕಲ್ಯಾಣ ಮಂಟಪಗಳನ್ನೇ ತಾತ್ಕಾಲಿಕ ಆಸ್ಪತ್ರೆಗಳನ್ನಾಗಿ ಮಾರ್ಪಡಿಸುವುದು, ಸಾಲಾಗಿ ಹಾಕಿದ ಮೇಜುಗಳ ಮೇಲೆ ರೋಗಿಗಳನ್ನು ಮಲಗಿಸಿ ಸಹಾಯಕರು ಪೂರ್ವಸಿದ್ಧತೆ ಮಾಡುತ್ತಿರುವಂತೆಯೇ ಶಸ್ತ್ರಕ್ರಿಯೆ ಮುಗಿಸಿ ಮುಂದಿನ ಮೇಜಿಗೆ ಸಾಗುವುದು, ಊರಿನವರಿಂದ ಊಟ ವಸತಿಗಳ ವ್ಯವಸ್ಥೆ ಮಾಡಿಸುವುದು ಇವು ಸಾಮೂಹಿಕ ಶಿಬಿರಗಳ ಕ್ರಮವಾಗಿದ್ದವು. 1968ರಲ್ಲಿ ತಿರುಪತಿಯಲ್ಲಿ ಅವರು ಒಂದೇ ದಿನ 833 ಪೊರೆ ಶಸ್ತ್ರಕ್ರಿಯೆಗಳನ್ನು ಮಾಡಿದುದು ಗಿನ್ನೆಸ್ ದಾಖಲೆಗೆ ಸೇರಿತು. 1993ರ ಫೆಬ್ರವರಿಯವರೆಗೆ ಅವರು 46,120 ಹಳ್ಳಿಗಳಿಗೆ ಭೇಟಿ ನೀಡಿ 6,10,564 ಶಸ್ತ್ರಕ್ರಿಯೆಗಳನ್ನು ಮಾಡಿದ್ದರೆಂದು ಅದೇ ದಾಖಲೆ ತಿಳಿಸುತ್ತದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪುರಸ್ಕಾರಗಳು ಅವರಿಗೆ ಸಂದವು. 2005ರಲ್ಲಿ ಅವರು ನಿಧನರಾದರು. ಬೆಂಗಳೂರಿನ ಮಹಾಲಕ್ಷ್ಮಿಪುರದ ಬಳಿಯ ಆಸ್ಪತ್ರೆ ಮತ್ತು ರಸ್ತೆ ಅವರ ಹೆಸರನ್ನು ಹೊತ್ತಿವೆ.

ಈ ಸಾಧನೆಯ ಮಹತ್ವವನ್ನು ಮೊಳಕಾಲ್ಮೂರಿನ ಕೈಮಗ್ಗದ ಮುಂದೆ ನಿಂತು ನೋಡಬೇಕು. ರೇಷ್ಮೆಯ ಎಳೆಯನ್ನು ಗುರುತಿಸಿ ಅಂಚಿನ ಕುಸುರಿಯನ್ನು ನೇಯುವ ಕೆಲಸಕ್ಕೆ ಕೈಗಿಂತ ಕಣ್ಣು ಮುಖ್ಯ. ಐವತ್ತು ದಾಟಿದ ನೇಕಾರನ ಕಣ್ಣಿಗೆ ಪೊರೆ ಬಂದರೆ ಮೊದಲು ಅಂಚಿನ ಕೆಲಸ ಹೋಗುತ್ತದೆ, ಆಮೇಲೆ ಮಗ್ಗವೇ ನಿಲ್ಲುತ್ತದೆ. ಒಬ್ಬನ ದೃಷ್ಟಿ ಹೋದರೆ ಅವನನ್ನು ಕೈಹಿಡಿದು ನಡೆಸಲು ಮನೆಯ ಒಂದು ಮಗು ಶಾಲೆ ಬಿಡಬೇಕಾಗುತ್ತದೆ. ಪೊರೆಯ ವೈಶಿಷ್ಟ್ಯವೆಂದರೆ ಅದು ಒಮ್ಮೆ ಮಾಡಿದ ಶಸ್ತ್ರಕ್ರಿಯೆಯಿಂದ ಗುಣವಾಗುವಂಥದು. ಆದ್ದರಿಂದಲೇ ಬಂದು ಹೋಗುವ ವೈದ್ಯನೂ ಇಲ್ಲಿ ಶಾಶ್ವತವಾದ ಉಪಕಾರ ಮಾಡಬಲ್ಲ. ಶಿಬಿರವೆಂಬ ಪದ್ಧತಿ ಕಣ್ಣಿನ ವಿಷಯದಲ್ಲಿ ಯಶಸ್ವಿಯಾದುದಕ್ಕೆ ಕಾರಣ ವೈದ್ಯರ ದಕ್ಷತೆಯೊಂದೇ ಅಲ್ಲ, ಆ ಕಾಯಿಲೆಯ ಸ್ವಭಾವವೂ ಹೌದು.

ಆದರೆ ಶಿಬಿರಗಳಿಗೂ ಮಿತಿಗಳಿದ್ದವು. ಅಂದಿನ ಶಸ್ತ್ರಕ್ರಿಯೆಯಲ್ಲಿ ಕಣ್ಣಿನ ಮಸೂರವನ್ನು ತೆಗೆದು ದಪ್ಪ ಗಾಜಿನ ಕನ್ನಡಕ ಕೊಡಲಾಗುತ್ತಿತ್ತು. ಆ ಕನ್ನಡಕ ಒಡೆದರೆ ರೋಗಿ ಮತ್ತೆ ಕುರುಡನಾದಂತೆಯೇ. ಶಿಬಿರ ಎತ್ತಿದ ಮೇಲೆ ಕಣ್ಣು ಕೆಂಪಾದರೆ, ನಂಜೇರಿದರೆ, ಯಾರನ್ನು ಕೇಳಬೇಕೆಂಬುದು ತಿಳಿಯುತ್ತಿರಲಿಲ್ಲ. ಹೆರಾಲ್ಡ್ ರಿಡ್ಲಿ ಅವರು 1949ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಅಳವಡಿಸಿದ ಕೃತಕ ಮಸೂರ 1990ರ ದಶಕದಲ್ಲಿ ಭಾರತದಲ್ಲಿ ವ್ಯಾಪಕ ಬಳಕೆಗೆ ಬಂದಾಗ, ಸೂಕ್ಷ್ಮದರ್ಶಕ ಮತ್ತು ನಿರ್ಜಂತುಕ ಕೊಠಡಿಗಳು ಅಗತ್ಯವಾದವು. ಶಾಲೆಯ ಕೊಠಡಿಯಲ್ಲಿ ಶಸ್ತ್ರಕ್ರಿಯೆ ಮಾಡುವ ಕಾಲ ಮುಗಿಯಿತು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಕ್ರಮೇಣ ತಾತ್ಕಾಲಿಕ ಶಸ್ತ್ರಕ್ರಿಯಾ ಶಿಬಿರಗಳನ್ನು ಬಿಟ್ಟು ಸ್ಥಿರ ಆಸ್ಪತ್ರೆಗಳತ್ತ ತಿರುಗಿತು. ಅದೇ 1976ರಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಮಧುರೆಯಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆ ಇದಕ್ಕೆ ಮಾದರಿಯಾಯಿತು. ಹಳ್ಳಿಯಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ, ಮತ್ತೆ ಹಳ್ಳಿಗೆ ತಲುಪಿಸುವ ವಾಹನ ಎಂಬ ಕ್ರಮ ರೂಢಿಗೆ ಬಂದಿತು. ಚಳ್ಳಕೆರೆಯ ಮಗ್ಗುಲಿನ ಪಾವಗಡದಲ್ಲಿ ಸ್ವಾಮಿ ಜಪಾನಂದರ ನೇತೃತ್ವದ ಆರೋಗ್ಯ ಕೇಂದ್ರವು ಕುಷ್ಠ, ಕ್ಷಯ ಮತ್ತು ಅಂಧತ್ವಗಳ ನಿವಾರಣೆಗಾಗಿ ಸ್ಥಿರವಾದ ಆಸ್ಪತ್ರೆಯನ್ನು ಕಟ್ಟಿ, ನಗರಗಳ ತಜ್ಞರು ಅಲ್ಲಿಗೇ ಬಂದು ಸೇವೆ ಸಲ್ಲಿಸುವ ಏರ್ಪಾಡು ಮಾಡಿದುದು ಈ ಬದಲಾವಣೆಗೆ ಸಮೀಪದ ಉದಾಹರಣೆ.

ನೆಲೆನಿಂತ ವೈದ್ಯರು

ಕಣ್ಣಿನ ಪೊರೆ ಶಿಬಿರದ ದಿನದವರೆಗೆ ಕಾಯಬಲ್ಲದು, ಹೆರಿಗೆ ಕಾಯುವುದಿಲ್ಲ. ಕಾಡುಗೊಲ್ಲರ ಅನೇಕ ಹಟ್ಟಿಗಳಲ್ಲಿ ಮುಟ್ಟಾದ ಮತ್ತು ಹೆತ್ತ ಹೆಣ್ಣುಮಕ್ಕಳು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಉಳಿಯುವ ಸಂಪ್ರದಾಯವು ಜನಪದ ವಿದ್ವಾಂಸರ ಅಧ್ಯಯನಗಳಲ್ಲಿ ದಾಖಲಾಗಿದೆ. ಹಟ್ಟಿಯ ದೇವರ ಮಡಿಯನ್ನು ಕಾಪಾಡುವ ಶ್ರದ್ಧೆಯಿಂದ ಬಂದ ಆಚರಣೆಯಿದು. ಮಳೆ, ಚಳಿ, ಹುಳುಹುಪ್ಪಟೆಗಳ ನಡುವೆ ಬಾಣಂತಿ ಮತ್ತು ಕೂಸು ಅನುಭವಿಸುವ ಅಪಾಯ ಮಾತ್ರ ಶ್ರದ್ಧೆಯಿಂದ ಕಡಿಮೆಯಾಗುವುದಿಲ್ಲ. ಸರ್ಕಾರವು ಕೆಲವು ಹಟ್ಟಿಗಳ ಬಳಿ ಕೃಷ್ಣ ಕುಟೀರಗಳೆಂಬ ಕಟ್ಟಡಗಳನ್ನು ಕಟ್ಟಿಸಿತು. ಅವು ನೆರಳು ನೀಡಿದವೇ ಅಥವಾ ಹೊರಗಿಡುವ ಪದ್ಧತಿಗೆ ಗೋಡೆ ಕಟ್ಟಿಕೊಟ್ಟವೇ ಎಂಬ ಚರ್ಚೆ ಮುಗಿದಿಲ್ಲ. ಇಂತಹ ಸಂದರ್ಭದಲ್ಲಿ ಒಂದು ಭಾನುವಾರ ಬಂದು ಉಪನ್ಯಾಸ ಮಾಡಿ ಹೋಗುವ ವೈದ್ಯರಿಂದ ಆಗುವುದು ಅತ್ಯಲ್ಪ. ಹಟ್ಟಿಯ ಹಿರಿಯರೊಡನೆ ವರ್ಷಗಟ್ಟಲೆ ಕೂತು ಮಾತನಾಡಬಲ್ಲ, ನಡುರಾತ್ರಿ ಕರೆದರೆ ಬರಬಲ್ಲ, ಹಟ್ಟಿಯ ಹೆಣ್ಣುಮಗಳೊಬ್ಬಳಿಗೇ ಆ ವಿದ್ಯೆ ಕಲಿಸಬಲ್ಲ ವೈದ್ಯರು ಬೇಕಾಗುತ್ತಾರೆ.

ಕರ್ನಾಟಕದಲ್ಲಿ ಈ ಬಗೆಯ ಸೇವೆಗೆ ಎರಡು ಮುಖ್ಯ ನಿದರ್ಶನಗಳು ದಕ್ಷಿಣದ ಕಾಡಂಚಿನಲ್ಲಿವೆ. ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ನೆಲೆಸಿ, 1980ರ ದಶಕದ ಆರಂಭದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. ಚಿಕಿತ್ಸೆಗೆಂದು ಹೋದವರು ಅಲ್ಲಿಗೆ ಬೇಕಾದುದು ಚಿಕಿತ್ಸೆಯೊಂದೇ ಅಲ್ಲವೆಂದು ಅರಿತು ಶಾಲೆ, ಕಸುಬು, ಭೂಮಿಯ ಹಕ್ಕುಗಳ ಕಡೆಗೂ ಗಮನ ಹರಿಸಿದರು. ಸೋಲಿಗ ಹೆಣ್ಣುಮಕ್ಕಳಿಗೆ ಶುಶ್ರೂಷೆಯ ತರಬೇತಿ ನೀಡಿ ಅವರನ್ನೇ ಆರೋಗ್ಯ ಸಹಾಯಕಿಯರನ್ನಾಗಿ ನಿಯೋಜಿಸಿದುದು ಈ ಕೇಂದ್ರದ ಗಮನಾರ್ಹ ಕಾರ್ಯ. 1986ರಲ್ಲಿ ಅವರು ಸ್ಥಾಪಿಸಿದ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ನಿಯಂತ್ರಣವನ್ನು ಕೈಗೊಂಡಿತು. 1994ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಅವರಿಗೆ ದೊರೆತವು.

ಎರಡನೆಯದು ಹೆಗ್ಗಡದೇವನಕೋಟೆ ತಾಲ್ಲೂಕಿನದು. ಮೈಸೂರಿನ ವೈದ್ಯ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು 1984ರಲ್ಲಿ ಸ್ವಾಮಿ ವಿವೇಕಾನಂದ ಯುವ ಚಳವಳಿಯನ್ನು ಆರಂಭಿಸಿದರು. ಕಬಿನಿ ಜಲಾಶಯ ಮತ್ತು ಬಂಡೀಪುರ ಅರಣ್ಯ ಯೋಜನೆಗಳಿಂದ ನೆಲೆ ತಪ್ಪಿದ ಗಿರಿಜನರ ನಡುವೆ ಅವರು ಕೆಲಸ ಆರಂಭಿಸಿದ ಹಾಡಿಯ ಹೆಸರೂ ಬ್ರಹ್ಮಗಿರಿ ಎಂಬುದು ಮೊಳಕಾಲ್ಮೂರಿನ ಓದುಗರಿಗೆ ಕುತೂಹಲದ ಸಂಗತಿ. ಅಲ್ಲಿನ ಪುಟ್ಟ ಚಿಕಿತ್ಸಾಲಯ ಮುಂದೆ ಕೆಂಚನಹಳ್ಳಿಯ ಆಸ್ಪತ್ರೆಯಾಗಿ, ಅನಂತರ ಸರಗೂರಿನ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. ಓದು ಮುಗಿಸಿದೊಡನೆ ನಗರವನ್ನು ಬಿಟ್ಟು ಹಾಡಿಯಲ್ಲಿ ಮನೆಮಾಡಿದ ಈ ಯುವ ವೈದ್ಯರು ಮೊದಲ ವರ್ಷಗಳಲ್ಲಿ ಗಳಿಸಬೇಕಾದುದು ಹಣವನ್ನಲ್ಲ, ಜನರ ನಂಬಿಕೆಯನ್ನು. ನಂಬಿಕೆಗೆ ಶಿಬಿರದ ಲೆಕ್ಕ ನಡೆಯುವುದಿಲ್ಲ. ಅದು ಒಂದು ಹೆರಿಗೆಯಿಂದ ಇನ್ನೊಂದು ಹೆರಿಗೆಗೆ, ಒಂದು ಮನೆಯಿಂದ ಇನ್ನೊಂದು ಮನೆಗೆ ನಿಧಾನವಾಗಿ ಸಾಗುತ್ತದೆ.

ಈ ಪ್ರಯೋಗಗಳಿಗೆ ಹೊರಗಿನ ಪ್ರೇರಣೆಗಳೂ ಇದ್ದವು. ಮಹಾರಾಷ್ಟ್ರದ ಜಾಮಖೇಡದಲ್ಲಿ 1970ರಲ್ಲಿ ಡಾ. ರಜನೀಕಾಂತ ಆರೋಳೆ ಮತ್ತು ಡಾ. ಮೇಬೆಲ್ ಆರೋಳೆ ದಂಪತಿಗಳು ಅಕ್ಷರ ಕಲಿಯದ ಹಳ್ಳಿಯ ಹೆಣ್ಣುಮಕ್ಕಳಿಗೇ ಆರೋಗ್ಯ ವಿದ್ಯೆ ಕಲಿಸುವ ಕಾರ್ಯವನ್ನು ಆರಂಭಿಸಿದ್ದರು. 1978ರ ಆಲ್ಮಾ ಆಟಾ ಘೋಷಣೆಯು ಪ್ರಾಥಮಿಕ ಆರೋಗ್ಯ ಸೇವೆಯನ್ನು ಎಲ್ಲ ರಾಷ್ಟ್ರಗಳ ಗುರಿಯೆಂದು ಸಾರಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಆಶಾ ಕಾರ್ಯಕರ್ತೆಯರನ್ನು ನೇಮಿಸಿದಾಗ, ಸಾವಿರ ಜನರಿಗೆ ಅದೇ ಊರಿನ ಒಬ್ಬ ಹೆಣ್ಣುಮಗಳು ಎಂಬ ತತ್ತ್ವ ಸರ್ಕಾರದ ನೀತಿಯಾಯಿತು. ಸ್ವಯಂಸೇವಾ ವೈದ್ಯರು ಕೆಲವೇ ಹಳ್ಳಿಗಳಲ್ಲಿ ಮಾಡಿ ತೋರಿಸಿದುದು ದೇಶದ ಏರ್ಪಾಡಾಗಿ ಮೊಳಕಾಲ್ಮೂರಿನಂತಹ ತಾಲ್ಲೂಕನ್ನೂ ತಲುಪಿತು. ರಾಂಪುರದ ಅಥವಾ ಕೊಂಡ್ಲಹಳ್ಳಿಯ ಬಸುರಿಯೊಬ್ಬಳನ್ನು ಆಶಾ ಕಾರ್ಯಕರ್ತೆ ಆಸ್ಪತ್ರೆಗೆ ಕರೆದೊಯ್ಯುವಾಗ ಜಾಮಖೇಡದ ಹೆಸರು ಯಾರಿಗೂ ನೆನಪಾಗುವುದಿಲ್ಲ. ಹೆಸರಿಲ್ಲದೆ ಹರಡಿದುದೇ ಆ ಸೇವೆಯ ಸಾರ್ಥಕತೆ.

ನೀರಿನ ರೋಗ ಮತ್ತು ಹೊಣೆಯ ಪ್ರಶ್ನೆ

ಮೂರನೆಯ ಸಮಸ್ಯೆಯ ಮುಂದೆ ಸುತ್ತುವ ವೈದ್ಯನೂ ನೆಲೆನಿಂತ ವೈದ್ಯನೂ ಸಮಾನವಾಗಿ ಅಸಹಾಯಕರು. ಚಳ್ಳಕೆರೆ, ಮೊಳಕಾಲ್ಮೂರು ಮತ್ತು ಪಾವಗಡ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಅನೇಕ ಕಡೆ ಮಿತಿಮೀರಿದೆ. ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ; ದೊಡ್ಡವರ ಬೆನ್ನು, ಮೊಣಕಾಲುಗಳು ಬಿಗಿದುಕೊಳ್ಳುತ್ತವೆ. ಈ ರೋಗವನ್ನು ಭಾರತದಲ್ಲಿ ಮೊದಲು ವೈದ್ಯಕೀಯವಾಗಿ ಗುರುತಿಸಿದುದು 1937ರಲ್ಲಿ, ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಇದರ ನಿವಾರಣೆಗೆ ರಾಷ್ಟ್ರೀಯ ಕಾರ್ಯಕ್ರಮವೊಂದು ರೂಪುಗೊಂಡುದು 2008-09ರಲ್ಲಿ. ನಡುವೆ ಏಳು ದಶಕಗಳು ಕಳೆದಿದ್ದವು.

ಬಾಗಿದ ಮೂಳೆಯನ್ನು ನೇರಗೊಳಿಸುವ ಔಷಧಿಯಿಲ್ಲ. ಇದಕ್ಕೆ ಮದ್ದು ಒಳ್ಳೆಯ ನೀರು. ಒಂದು ಕಾಲದಲ್ಲಿ ಈ ಸೀಮೆಯ ಜನ ಕೆರೆ ಮತ್ತು ತೆರೆದ ಬಾವಿಗಳ ನೀರನ್ನು ಕುಡಿಯುತ್ತಿದ್ದರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ದುಡಿದವರಿಗೆ ದುಡಿದಷ್ಟು ಕೂಲಿ ಕೊಟ್ಟು ಕೆರೆಗಳನ್ನು ಕಟ್ಟಿಸಿದರೆಂಬ ಐತಿಹ್ಯ ಇಂದಿಗೂ ಜನರ ಬಾಯಲ್ಲಿದೆ. ಮಳೆಯ ನೀರನ್ನು ನಿಲ್ಲಿಸಿಕೊಟ್ಟ ಆ ಕಾರ್ಯವನ್ನು ಆರೋಗ್ಯ ಸೇವೆಯೆಂದು ಕರೆದರೆ ಅತಿಶಯೋಕ್ತಿಯಾಗದು. ಕೆರೆಗಳು ಹೂಳು ತುಂಬಿ, ಕೊಳವೆಬಾವಿಗಳು ಆಳಕ್ಕಿಳಿದಂತೆ ಬಂಡೆಯೊಳಗಿನ ಫ್ಲೋರೈಡ್ ನೀರಿನೊಡನೆ ಮೇಲೆ ಬಂದಿತು. ತುಂಗಭದ್ರಾ ಹಿನ್ನೀರನ್ನು ಈ ತಾಲ್ಲೂಕುಗಳಿಗೆ ತರುವ ಬಹುಗ್ರಾಮ ಕುಡಿಯುವ ನೀರಿನ ಯೋಜನೆ ರೂಪುಗೊಂಡುದು 2010ರ ದಶಕದಲ್ಲಿ.

ಇಂತಹ ಕಾಯಿಲೆಯಲ್ಲಿ ವೈದ್ಯನು ಮಾಡಬಹುದಾದ ಸೇವೆಯೆಂದರೆ ಮಕ್ಕಳ ಹಲ್ಲನ್ನು ನೋಡಿ ಊರಿನ ನೀರಿನ ಸ್ಥಿತಿಯನ್ನು ಓದುವುದು, ಅದನ್ನು ದಾಖಲಿಸುವುದು, ಹೊಣೆಗಾರರ ಮುಂದಿಡುವುದು, ನೀರು ಬರುವವರೆಗೆ ಬಿಡದಿರುವುದು. ಇದು ಔಷಧಿಯ ಚೀಲದಿಂದಾಗುವ ಕೆಲಸವಲ್ಲ. ಬಿಳಿಗಿರಿರಂಗನ ಬೆಟ್ಟದಿಂದ ವಿಧಾನಸೌಧದವರೆಗಿನ ಡಾ. ಸುದರ್ಶನ್ ಅವರ ಪಯಣ ಈ ದೃಷ್ಟಿಯಿಂದ ಅರ್ಥಪೂರ್ಣವಾದುದು. 1999ರಲ್ಲಿ ಕರ್ನಾಟಕ ಸರ್ಕಾರ ನೇಮಿಸಿದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಕಾರ್ಯಪಡೆಗೆ ಅವರು ಅಧ್ಯಕ್ಷರಾದರು. 2001ರಲ್ಲಿ ಸಲ್ಲಿಸಿದ ಅಂತಿಮ ವರದಿಯು ಸಮಾನತೆ, ಗುಣಮಟ್ಟ ಮತ್ತು ಪ್ರಾಮಾಣಿಕತೆ ಎಂಬ ಮೂರು ಮಾತುಗಳನ್ನೇ ತನ್ನ ಶೀರ್ಷಿಕೆಯಲ್ಲಿರಿಸಿಕೊಂಡಿತ್ತು. ಆರೋಗ್ಯ ಇಲಾಖೆಯ ಭ್ರಷ್ಟಾಚಾರವನ್ನೂ ಪ್ರದೇಶಗಳ ನಡುವಣ ಅಸಮಾನತೆಯನ್ನೂ ಅದು ಮುಚ್ಚುಮರೆಯಿಲ್ಲದೆ ಚರ್ಚಿಸಿತು. ಅನಂತರ ಅವರು ಲೋಕಾಯುಕ್ತ ಸಂಸ್ಥೆಯಲ್ಲಿ ಆರೋಗ್ಯ ಕ್ಷೇತ್ರದ ಜಾಗೃತ ನಿರ್ದೇಶಕರಾಗಿಯೂ ಕಾರ್ಯನಿರ್ವಹಿಸಿದರು. ಹಾಡಿಯಲ್ಲಿ ಕುಳಿತು ರೋಗಿಯ ನಾಡಿ ಹಿಡಿದ ವೈದ್ಯನೇ ಇಲಾಖೆಯ ನಾಡಿಯನ್ನೂ ಹಿಡಿಯಬೇಕಾದ ಅನಿವಾರ್ಯತೆ ಇಲ್ಲಿ ಕಾಣುತ್ತದೆ.

ಸ್ವಯಂಸೇವೆ ಮತ್ತು ಸರ್ಕಾರ

ಇಲ್ಲೊಂದು ಆಕ್ಷೇಪವನ್ನು ಪರಿಶೀಲಿಸಬೇಕು. ಸ್ವಯಂಸೇವಾ ಸಂಸ್ಥೆಗಳು ಹೆಚ್ಚು ಮಾಡಿದಷ್ಟೂ ಸರ್ಕಾರ ತನ್ನ ಕರ್ತವ್ಯದಿಂದ ಜಾರಿಕೊಳ್ಳುತ್ತದೆಂಬುದು ಆ ಆಕ್ಷೇಪ. ಇದರಲ್ಲಿ ಹುರುಳಿಲ್ಲದೆ ಇಲ್ಲ. 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕರುಣಾ ಟ್ರಸ್ಟ್ ಸರ್ಕಾರದಿಂದ ವಹಿಸಿಕೊಂಡಿತು. ಸರ್ಕಾರದ ಕಟ್ಟಡ, ಸರ್ಕಾರದ ಅನುದಾನ, ಸಂಸ್ಥೆಯ ನಿರ್ವಹಣೆ ಎಂಬ ಈ ಕ್ರಮ ಯಶಸ್ಸು ಕಂಡು ಬೇರೆ ಜಿಲ್ಲೆಗಳಿಗೂ, ಅರುಣಾಚಲ ಪ್ರದೇಶದಂತಹ ದೂರದ ರಾಜ್ಯಕ್ಕೂ ಹಬ್ಬಿತು. ಕರ್ನಾಟಕದಲ್ಲಿ ಇದೇ ಜಾಡಿನಲ್ಲಿ ಆರೋಗ್ಯ ಬಂಧು ಯೋಜನೆ ಜಾರಿಗೆ ಬಂದಿತು. ಆದರೆ ಗುಂಬಳ್ಳಿಯ ಶ್ರದ್ಧೆ ಕೇಂದ್ರಗಳನ್ನು ವಹಿಸಿಕೊಂಡ ಎಲ್ಲ ಸಂಸ್ಥೆಗಳಲ್ಲೂ ಇರುತ್ತದೆಂದು ಹೇಳುವಂತಿರಲಿಲ್ಲ. 2010ರ ದಶಕದಲ್ಲಿ ಸರ್ಕಾರ ಆ ಕೇಂದ್ರಗಳನ್ನು ಮರಳಿ ತನ್ನ ಕೈಗೆ ತೆಗೆದುಕೊಳ್ಳುವ ತೀರ್ಮಾನ ಮಾಡಿತು. ಒಬ್ಬ ವ್ಯಕ್ತಿಯ ಧ್ಯೇಯನಿಷ್ಠೆಯಿಂದ ಬೆಳೆದುದನ್ನು ಆದೇಶದ ಮೂಲಕ ನೂರೂರುಗಳಲ್ಲಿ ಬೆಳೆಸಲಾಗದೆಂಬ ಪಾಠ ಇದರಲ್ಲಿದೆ.

ಇನ್ನೊಂದು ಕಡೆ, ವೈದ್ಯ ಪದವೀಧರರು ಒಂದು ವರ್ಷ ಗ್ರಾಮೀಣ ಸೇವೆ ಸಲ್ಲಿಸಬೇಕೆಂಬ ಕಾಯಿದೆಯನ್ನು ಕರ್ನಾಟಕ 2012ರಲ್ಲಿ ರೂಪಿಸಿತು. ಸ್ವಇಚ್ಛೆಯಿಂದ ಬಾರದುದನ್ನು ಕಾಯಿದೆಯಿಂದ ತರುವ ಪ್ರಯತ್ನವಿದು. ಕಾಯಿದೆಯು ವೈದ್ಯನನ್ನು ಹಳ್ಳಿಗೆ ತರಬಲ್ಲದು, ಹಳ್ಳಿಯವನನ್ನಾಗಿ ಮಾಡಲಾರದು. ಆದರೂ ಖಾಲಿ ಕುರ್ಚಿಗಿಂತ ಒಂದು ವರ್ಷದ ವೈದ್ಯ ಮೇಲೆಂಬುದನ್ನು ಗಡಿ ತಾಲ್ಲೂಕಿನ ರೋಗಿ ಯಾವ ತರ್ಕವೂ ಇಲ್ಲದೆ ಒಪ್ಪುತ್ತಾನೆ. ಬೆಂಗಳೂರು ಸಮೀಪದ ಟಿ. ಬೇಗೂರಿನಲ್ಲಿ 1970ರ ದಶಕದಿಂದ ಪ್ರತಿ ಭಾನುವಾರ ಉಚಿತ ಚಿಕಿತ್ಸೆ ನೀಡುತ್ತ ಬಂದು 2010ರಲ್ಲಿ ಪದ್ಮಶ್ರೀ ಪಡೆದ ಡಾ. ಬಿ. ರಮಣರಾವ್ ಅವರ ಉದಾಹರಣೆ ಇಲ್ಲಿ ಉಪಯುಕ್ತ. ಅವರು ನಗರದ ವೃತ್ತಿಯನ್ನು ಬಿಡಲಿಲ್ಲ, ಹಳ್ಳಿಯಲ್ಲಿ ಮನೆಮಾಡಲಿಲ್ಲ. ಆದರೆ ಒಂದೇ ಊರಿಗೆ, ಒಂದೇ ದಿನ, ದಶಕಗಳ ಕಾಲ ತಪ್ಪದೆ ಬಂದರು. ಸುತ್ತುವುದಕ್ಕೂ ನೆಲೆಸುವುದಕ್ಕೂ ನಡುವೆ ಹೀಗೊಂದು ಮಾರ್ಗವಿದೆ. ಅದರ ಜೀವಾಳ ಕ್ರಮಬದ್ಧತೆ. ವೈದ್ಯರು ಬರುವ ದಿನ ಖಚಿತವಾಗಿ ತಿಳಿದಿದ್ದರೆ ದೂರದ ಹಟ್ಟಿಯವರೂ ಅದಕ್ಕೆ ತಕ್ಕಂತೆ ತಮ್ಮ ಕೆಲಸವನ್ನು ಹೊಂದಿಸಿಕೊಳ್ಳಬಲ್ಲರು.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಸ್ವಯಂಸೇವೆಯ ಯಾವ ಬಗೆ ಶ್ರೇಷ್ಠವೆಂಬ ಪ್ರಶ್ನೆಗೆ ಕಾಯಿಲೆಯನ್ನು ಬಿಟ್ಟು ಉತ್ತರವಿಲ್ಲ. ಕಣ್ಣಿನ ಪೊರೆಗೆ ಸುತ್ತುವ ತಜ್ಞ, ಹೆರಿಗೆಗೆ ನೆಲೆನಿಂತ ವೈದ್ಯ ಮತ್ತು ಊರಿನದೇ ಹೆಣ್ಣುಮಗಳು, ಫ್ಲೋರೈಡಿಗೆ ಹೊಣೆ ಕೇಳುವ ವೈದ್ಯ ಬೇಕು. ಎರಡು, ಸಂಖ್ಯೆಗಳಿಂದ ಅಳೆಯಲಾಗುವ ಸೇವೆ ಬೇಗ ಕೀರ್ತಿ ಪಡೆಯುತ್ತದೆ. ಒಂದು ದಿನದ 833 ಶಸ್ತ್ರಕ್ರಿಯೆಗಳನ್ನು ದಾಖಲೆ ಪುಸ್ತಕ ಬರೆದಿಡುತ್ತದೆ. ತಪ್ಪಿದ ತಾಯಿಯ ಸಾವನ್ನು, ಬಾಗದೆ ಉಳಿದ ಮೂಳೆಯನ್ನು ಯಾವ ಪುಸ್ತಕವೂ ಬರೆದಿಡುವುದಿಲ್ಲ. ಚರಿತ್ರೆಕಾರನು ಈ ಕೊರತೆಯನ್ನು ತುಂಬಬೇಕಾಗಿದೆ. ಮೂರು, ವೈದ್ಯರ ಸ್ವಯಂಸೇವೆ ಸರ್ಕಾರದ ಜಾಗವನ್ನು ಆಕ್ರಮಿಸಿದಾಗಲ್ಲ, ಸರ್ಕಾರಕ್ಕೆ ಮಾಡಿ ತೋರಿಸಿ ಅದನ್ನು ಸಾರ್ವಜನಿಕ ಏರ್ಪಾಡಾಗಿ ಪರಿವರ್ತಿಸಿದಾಗ ಹೆಚ್ಚು ಕಾಲ ಬಾಳಿದೆ.

ಮೊಳಕಾಲ್ಮೂರಿನ ಮಟ್ಟಿಗೆ ಹೇಳುವುದಾದರೆ, ಈ ಸೀಮೆಗೆ ದಯೆಯ ಉಪದೇಶ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಬಂಡೆಯ ಮೇಲೆ ದೊರೆತಿದೆ. ಮಠಗಳಲ್ಲಿ, ಸೂಲಗಿತ್ತಿಯರ ಕೈಯಲ್ಲಿ, ಶಿಬಿರಗಳ ಮೇಜಿನ ಮೇಲೆ ಆ ದಯೆ ರೂಪ ಬದಲಿಸಿಕೊಂಡು ಬಂದಿದೆ. ಏರ್ಪಾಡಿನ ಭಾಗ ಇನ್ನೂ ಪೂರ್ಣಗೊಂಡಿಲ್ಲ. ಹಟ್ಟಿಯ ಹೆಣ್ಣುಮಗಳೊಬ್ಬಳು ಶುಶ್ರೂಷೆಯ ವಿದ್ಯೆ ಕಲಿತು ತನ್ನ ಹಟ್ಟಿಗೇ ಮರಳಿದರೆ, ನೇಕಾರನ ಮಗನೋ ಮಗಳೋ ವೈದ್ಯ ಪದವಿ ಪಡೆದು ಇದೇ ತಾಲ್ಲೂಕಿನ ಆಸ್ಪತ್ರೆಯಲ್ಲಿ ಹತ್ತು ವರ್ಷ ನಿಂತರೆ, ಶಾಲೆಯ ಮಕ್ಕಳ ಹಲ್ಲಿನ ಬಣ್ಣವನ್ನು ಪ್ರತಿ ವರ್ಷ ಬರೆದಿಟ್ಟು ನೀರಿನ ಲೆಕ್ಕ ಕೇಳಿದರೆ, ಆಗ ಈ ಚರಿತ್ರೆಯ ಮುಂದಿನ ಅಧ್ಯಾಯವನ್ನು ಹೊರಗಿನಿಂದ ಬಂದವರ ಹೆಸರಿನಲ್ಲಿ ಬರೆಯಬೇಕಾಗುವುದಿಲ್ಲ.